ಕಂಕುಳ ಕಲೆ, ಚರ್ಮ ಕಸಿ ಮತ್ತು ಮದುವೆಯ ಅವಸರ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕುಮಟಾ ಕಡೆಯ ಹುಡುಗಿ, ವಯಸ್ಸು 24, ಮನೆಯಲ್ಲೇ ಟೇಲರಿಂಗ್. ಚಿಕ್ಕವಳಿದ್ದಾಗ ಬಚ್ಚಲ ಹಂಡೆಯ ಕುದಿನೀರು ಎಡ ಮೈಮೇಲೆ ಬಿದ್ದಿತ್ತು. ಗಾಯ ಮಾಯಿತು, ಆದರೆ ಕಂಕುಳ ಚರ್ಮ ಬಿಗಿದುಕೊಂಡಿತು. ಕೈ ಭುಜದ ಮಟ್ಟಕ್ಕೂ ಏಳುವುದಿಲ್ಲ. ಜಡೆ ಹಾಕಲು ಈಗಲೂ ಆಯಿಯೇ (ಅಮ್ಮನೇ) ಬೇಕು.

ಕಾರವಾರಕ್ಕೆ ನನ್ನ ಬಳಿ ಇಬ್ಬರೂ ಬಂದಾಗ ಮದುವೆಗೆ ಎರಡೇ ತಿಂಗಳು. ಅಷ್ಟರೊಳಗೆ ಆಪರೇಷನ್ ಆಗಿ, ಕಲೆ ಪೂರ್ತಿ ಹೋಗಬೇಕು ಅಂತ ಆಯಿಯ ಹಟ. ಮಗಳು ಸುಮ್ನೆ ಕೂತಿದ್ದಳು.

ಈ ಆಪರೇಷನ್ ಏನು ಅಂತ ಮೊದಲು ಬಿಡಿಸಿ ಹೇಳಿದೆ. ಬಿಗಿದ ಚರ್ಮವನ್ನು ಕೊಯ್ದು ಸಡಿಲ ಮಾಡುತ್ತಾರೆ. ಅಲ್ಲಿ ತೆರೆದುಕೊಂಡ ಜಾಗಕ್ಕೆ ಸಾಮಾನ್ಯವಾಗಿ ತೊಡೆಯಿಂದ ತೆಳುವಾದ ಚರ್ಮ ತೆಗೆದು ಹಾಕುತ್ತಾರೆ, ಇದೇ ಚರ್ಮ ಕಸಿ. ಮೊದಲ ಕೆಲವು ದಿನ ಅದು ಸ್ವಲ್ಪವೂ ಸರಿಯಬಾರದು. ಹಾಗಾಗಿ ಕೈಯನ್ನು ಮೈಯಿಂದ ದೂರ ಎತ್ತಿ, ಅಲುಗದಂತೆ ಹಿಡಿಯುವ ಆಸರೆ, ಅಂದರೆ ಸ್ಪ್ಲಿಂಟ್ ಕಟ್ಟುತ್ತಾರೆ. ಕಸಿ ಕೂಡಿಕೊಂಡ ಮೇಲೂ ಅದು ಕುಗ್ಗುತ್ತಲೇ ಇರುತ್ತದೆ. ಅದಕ್ಕೇ ವಾರಗಟ್ಟಲೆ ಹಗಲು ರಾತ್ರಿ, ಆಮೇಲೆ ತಿಂಗಳುಗಟ್ಟಲೆ ರಾತ್ರಿ ಹೊತ್ತು ಸ್ಪ್ಲಿಂಟ್ ಬೇಕು. ದಿನವೂ ವ್ಯಾಯಾಮ ಮಾಡಬೇಕು. ಇದನ್ನು ಬಿಟ್ಟರೆ ಕೈ ಮತ್ತೆ ಬಿಗಿಯುತ್ತದೆ. ಹೊಸ ಚರ್ಮದ ಬಣ್ಣ ಬೇರೆಯೇ ಇರುತ್ತದೆ, ತೊಡೆಯಲ್ಲೂ ಗುರುತು ಉಳಿಯುತ್ತದೆ. ಕೈ ಏಳಲಿ ಅಂತ ಮಾಡುವ ಆಪರೇಷನ್ ಇದು, ಕಲೆ ಅಳಿಸಲಿಕ್ಕಲ್ಲ.

ಆಯಿ ಅಳತೊಡಗಿದರು. "ಆ ದಿನ ನೀರು ತೋಡ್ಕೊ ಅಂತ ಕಳಿಸಿದ್ದು ನಾನೇ ಮೇಡಂ."

ಅವಸರ ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ಇಷ್ಟು ವರ್ಷ ಹೊತ್ತ ಭಾರವನ್ನು ಮದುವೆಗೆ ಮೊದಲು ಇಳಿಸಿಬಿಡಬೇಕಿತ್ತು ಅವರಿಗೆ. ಮಗಳನ್ನು ಬೇರೆಯಾಗಿ ಕೂರಿಸಿ ಕೇಳಿದೆ. "ಕಲೆ ಇದ್ರೆ ಇರ್ಲಿ. ಮದುವೆಯಾಗುವವರಿಗೆ ಹೇಳಿದ್ದೇನೆ, ತೋರಿಸಿಯೂ ಆಗಿದೆ. ಮೇಲಿನ ಹಲಗೆಯ ಡಬ್ಬಿ ನಾನೇ ತೆಗೀಬೇಕು, ಅಷ್ಟೇ" ಅಂದಳು. ಇದು ಆಯಿಗೆ ಗೊತ್ತೇ ಇರಲಿಲ್ಲ. ನೀನೇ ಹೇಳು ಎಂದೆ, ಅಲ್ಲೇ ಹೇಳಿದಳು.

ಎರಡು ತಿಂಗಳೊಳಗೆ ಬೇಡವೇ ಬೇಡ ಎಂದೆ. ಸ್ಪ್ಲಿಂಟ್ ಕಟ್ಟಿಕೊಂಡು ಹೊಸ ಮನೆಗೆ ಹೋದರೆ ಅಡುಗೆ, ಬಟ್ಟೆ, ಸ್ನಾನಕ್ಕೆ ಯಾರು ನಿಲ್ಲುತ್ತಾರೆ? ನಾಚಿಕೆಗೆ ಅದನ್ನು ಬಿಚ್ಚಿಟ್ಟರೆ ಪಟ್ಟ ಕಷ್ಟವೆಲ್ಲ ನೀರುಪಾಲು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಪ್ಲಾಸ್ಟಿಕ್ ಸರ್ಜನ್‌ಗೆ ಈಗಲೇ ತೋರಿಸಿ, ಆದರೆ ಆಪರೇಷನ್ ದಿನ ನಿಧಾನವಾಗಿ ಗೊತ್ತು ಮಾಡಿ. ಇಷ್ಟು ವರ್ಷದ ಬಿಗಿತದಲ್ಲಿ ಕೀಲೂ ಗಟ್ಟಿಯಾಗಿರಬಹುದು, ಆಪರೇಷನ್ ಆದ ಮೇಲೆ ಕೈ ಎಷ್ಟು ಏಳುತ್ತದೆ ಅಂತ ಕೇಳಿ. ಪಕ್ಕದ ಒಳ್ಳೆ ಚರ್ಮವನ್ನೇ ತಿರುಗಿಸಿ ಹಾಕಲು ಬರುತ್ತದೆಯೇ ಅಂತಲೂ ಕೇಳಿ, ಬಂದರೆ ಕಸಿ ಬೇಡವಾಗಬಹುದು. ಫಿಸಿಯೋಥೆರಪಿ ಮನೆ ಹತ್ತಿರವೇ ಸಿಗಬೇಕು. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಗುತ್ತದೆಯೇ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಮದುವೆ ಮೊದಲು, ಆಪರೇಷನ್ ಮಳೆಗಾಲ ಕಳೆದ ಮೇಲೆ ಅಂತ ಮಗಳೇ ತೀರ್ಮಾನಿಸಿದಳು. ಅಲ್ಲಿಯವರೆಗೆ ಬಸಿರು ಮುಂದೂಡುವ ಮಾತನ್ನು ಹುಡುಗನ ಹತ್ತಿರ ಮೊದಲೇ ಆಡು ಎಂದೆ. ಆಯಿಗೆ ಮುಂದಿನ ವಾರ ಒಬ್ಬರೇ ಬರಲು ಹೇಳಿದ್ದೇನೆ.