ಚರ್ಚ್ ಬಾಗಿಲು ಮುಚ್ಚಿದ್ದಾಗ ದಾವಣಗೆರೆಯಲ್ಲಿ ನಾವು ಏನು ಮಾಡಿದೆವು

ನೀವು ಕೇಳಿರುವುದು ಇಷ್ಟು: ಕೊರೊನಾ ಕಾಲದಲ್ಲಿ ಚರ್ಚ್‌ಗಳು ಮುಚ್ಚಿದ್ದಾಗ ನೀವೆಲ್ಲ ಬರೀ ಮೊಬೈಲ್‌ನಲ್ಲಿ ಪೂಜೆ ನೋಡಿಕೊಂಡು ಕೂತಿದ್ದಿರಾ, ಇಲ್ಲಾ ಯಾರಿಗಾದರೂ ಉಪಯೋಗಕ್ಕೆ ಬಂದಿರಾ? ಬಾಗಿಲೇ ಮುಚ್ಚಿದ ಮೇಲೆ ನಂಬಿಕೆ ಹೇಗೆ ಉಳಿಯಿತು? ದಾವಣಗೆರೆಗೆ ಹೊಸಬರು ಅಂತಲೂ ಬರೆದಿದ್ದೀರಿ. ನಾನು ಇಲ್ಲೇ ಹುಟ್ಟಿ ಬೆಳೆದ ಕಥೋಲಿಕ ಕ್ರೈಸ್ತ. ಮೆಡಿಕಲ್ ಶಾಪ್‌ನಲ್ಲಿ ಕೆಲಸ. ಲಾಕ್‌ಡೌನ್‌ನಲ್ಲೂ ನಮ್ಮ ಅಂಗಡಿ ತೆರೆದಿತ್ತು. ಹಾಗಾಗಿ ಓಡಾಡಿ ಕಂಡದ್ದನ್ನೇ ಹೇಳುತ್ತೇನೆ.

ಉಪಯೋಗಕ್ಕೆ ಬಂದೆವು. ಲಾರಿಗಟ್ಟಲೆ ಕಿಟ್ ಹಂಚಿ ಅಲ್ಲ. ಅಷ್ಟು ದುಡ್ಡು ನಮ್ಮಲ್ಲಿ ಇರಲೂ ಇಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಒಬ್ಬರೇ ಇದ್ದಾರೆ, ಯಾರಿಗೆ ಯಾವ ಮಾತ್ರೆ ನಡೆಯುತ್ತಿದೆ ಅನ್ನುವುದು ನಮಗೆ ಮೊದಲೇ ಗೊತ್ತಿತ್ತು. ಅದೇ ಕೈಹಿಡಿಯಿತು.

ಹೇಗೆ ಗೊತ್ತಿತ್ತು ಅಂದರೆ, ನಮ್ಮ ಚರ್ಚ್‌ನಲ್ಲಿ ಮನೆಗಳನ್ನು ಬಡಾವಣೆ ಪ್ರಕಾರ ಸಣ್ಣ ಸಣ್ಣ ಗುಂಪು ಮಾಡಿರುತ್ತಾರೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುವುದು, ಜಪಸರ (ಮಣಿ ಎಣಿಸುತ್ತಾ ಮಾತೆ ಮರಿಯಳಿಗೆ ಮಾಡುವ ಪ್ರಾರ್ಥನೆ) ಹೇಳುವುದು, ಬೈಬಲ್ ಓದುವುದು, ಕೊನೆಗೆ ಟೀ, ಮಂಡಕ್ಕಿ. ಹೊರಗಿನವರಿಗೆ ಸುಮ್ನೆ ಭಜನಾ ಕೂಟದ ಹಾಗೆ ಕಾಣಬಹುದು. ಆದರೆ ಟೀ ಕುಡಿಯುವ ಹೊತ್ತಿನಲ್ಲಿ ಊರಿನ ಸುದ್ದಿಯೆಲ್ಲ ಬರುತ್ತದೆ ಅಲ್ವಾ? ಇವರ ಮಗ ದುಬೈಗೆ ಹೋದ, ಅವರಿಗೆ ಶುಗರ್ ಜಾಸ್ತಿಯಾಗಿದೆ, ಇನ್ನೊಬ್ಬರು ಬಾಡಿಗೆ ಕಟ್ಟಿಲ್ಲ. ನಮ್ಮ ಗುಂಪನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಶಿಕ್ಷಕಿ. ನಾವೆಲ್ಲ ಅವರನ್ನು ಟೀಚರಮ್ಮ ಅಂತಲೇ ಕರೆಯುವುದು. ಹಾಜರಿ ಪುಸ್ತಕ ಬರೆದು ಬರೆದು ರೂಢಿಯಾದ ಕೈ. ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

2020ರ ಮಾರ್ಚ್ 25, ಯುಗಾದಿ ದಿನವೇ ಲಾಕ್‌ಡೌನ್ ಶುರುವಾಯಿತು. ನಮಗೆ ಅದು ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಏಪ್ರಿಲ್ 5 ಗರಿಗಳ ಭಾನುವಾರ, 10 ಶುಭ ಶುಕ್ರವಾರ, 12 ಈಸ್ಟರ್. ವರ್ಷದಲ್ಲೇ ಅತಿ ದೊಡ್ಡ ವಾರ ಅದು, ಚರ್ಚ್‌ಗೆ ಬೀಗ. ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುವ ವಿಧಿಯನ್ನು ಈ ವರ್ಷ ಬಿಡಿ ಎಂದು ರೋಮ್‌ನಿಂದಲೇ ಸೂಚನೆ ಬಂದಿತ್ತು. ಫಾದರ್ ಒಬ್ಬರೇ ಪೂಜೆ ಮಾಡಿದರು. ಒಬ್ಬ ಹುಡುಗ ಮೊಬೈಲ್ ಹಿಡಿದು ನಿಂತಿದ್ದ. ಮನೆಯಲ್ಲಿ ಅಮ್ಮ ಟಿವಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ಆ ಮೊಬೈಲ್ ಮುಂದೆಯೇ ಮೊಣಕಾಲೂರಿದ್ದರು. ನೀವು "ಬರೀ ಮೊಬೈಲ್‌ನಲ್ಲಿ" ಅಂದಿದ್ದೀರಿ. ಅದನ್ನು ಹತ್ತಿರದಿಂದ ನೋಡಿದ ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹವೆಂದು ನಾವು ಸ್ವೀಕರಿಸುವ ರೊಟ್ಟಿ, ಸಿಗದಿದ್ದಾಗ ಮನಸ್ಸಿನಲ್ಲೇ ಸ್ವೀಕರಿಸುವ ಒಂದು ಪ್ರಾರ್ಥನೆ ಇದೆ. 18ನೇ ಶತಮಾನದಲ್ಲಿ ಇಟಲಿಯ ಸಂತ ಅಲ್ಫೋನ್ಸ್ ಲಿಗೋರಿ ಬರೆದದ್ದು. ನಮ್ಮಲ್ಲಿ ಎಷ್ಟೋ ಜನ ಅದನ್ನು ಅರ್ಥಮಾಡಿಕೊಂಡು ಹೇಳಿದ್ದು ಆ ತಿಂಗಳಲ್ಲೇ.

ಮಾರ್ಚ್ 27ರ ರಾತ್ರಿ ಹತ್ತೂವರೆಗೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ವ್ಯಾಟಿಕನ್‌ನ ಖಾಲಿ ಚೌಕದ ಮುಂದೆ ನಿಂತು ಪ್ರಾರ್ಥಿಸಿದ್ದನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಬಿರುಗಾಳಿಗೆ ದೋಣಿ ಮುಳುಗುತ್ತಿರುವಾಗ ಯೇಸು ಮಲಗಿದ್ದ ಕಥೆಯನ್ನೇ ಅವತ್ತು ಓದಿದರು. ಶಿಷ್ಯರು ಕೇಳುತ್ತಾರೆ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ ಎಂದು. ನಮ್ಮೆಲ್ಲರ ಮನಸ್ಸಲ್ಲಿ ಇದ್ದ ಪ್ರಶ್ನೆಯೂ ಅದೇ ಆಗಿತ್ತು.

ಮೊದಲ ವಾರವೇ ಟೀಚರಮ್ಮ ನೋಟ್‌ಬುಕ್ ತೆಗೆದರು. ಗುಂಪಿನಲ್ಲಿ ಫೋನ್ ಇರುವ ಆರೇಳು ಜನಕ್ಕೆ ಮನೆಗಳನ್ನು ಹಂಚಿದರು. ನಿಯಮ ಒಂದೇ. ದಿನಾ ಫೋನ್ ಮಾಡಬೇಕು. "ಏನಾದ್ರೂ ಬೇಕಾ?" ಅಂತ ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ಬೇಡ ಅಂತಲೇ ಹೇಳುತ್ತಾರೆ. "ಇವತ್ತು ಏನು ಅಡುಗೆ ಮಾಡಿದ್ರಿ?" ಅಂತ ಕೇಳಬೇಕು. ಎಷ್ಟು ಸರಿಯಾದ ಮಾತು ಅಂತ ನನಗೆ ಎರಡೇ ದಿನದಲ್ಲಿ ಗೊತ್ತಾಯಿತು. ಮಿಲ್‌ನಲ್ಲಿ ದುಡಿದು ರಿಟೈರ್ ಆದ ಒಬ್ಬ ಅಜ್ಜನನ್ನು ಕೇಳಿದೆ. "ಅನ್ನ, ಉಪ್ಪು" ಅಂದರು. ಮರುದಿನವೂ ಅದೇ. "ಸಾರು ಮಾಡ್ಲಿಲ್ವಾ ಅಜ್ಜಾ?" ಅಂದರೆ, "ಬ್ಯಾಳಿ ಖಾಲಿಯಾಗೇತಪ್ಪಾ, ಬಿಡು" ಅಂದರು. ಬೇಡ ಬೇಡ ಅನ್ನುತ್ತಿದ್ದವರ ಮನೆಯಲ್ಲಿ ಎಣ್ಣೆಯೂ ಇರಲಿಲ್ಲ, ಕಾರಪುಡಿಯೂ ಇರಲಿಲ್ಲ.

ಇಲ್ಲೇ ಒಂದು ಮಾತು ಹೇಳಬೇಕು. ಎಲ್ಲರೂ ಅಕ್ಕಿ ಹಂಚುತ್ತಿದ್ದರು. ರೇಷನ್ ಕಾರ್ಡ್ ಇದ್ದವರಿಗೆ ಸರ್ಕಾರವೂ ಆ ಏಪ್ರಿಲ್‌ನಿಂದ ತಲೆಗೆ 5 ಕೆಜಿ ಧಾನ್ಯ ಹೆಚ್ಚಾಗಿ ಕೊಟ್ಟಿತು. ಹಾಗಾಗಿ ಕಾರ್ಡ್ ಇರುವ ಮನೆಯಲ್ಲಿ ಅಕ್ಕಿಯ ಕೊರತೆ ಅಷ್ಟಾಗಿ ಇರಲಿಲ್ಲ. ಕೊರತೆ ಇದ್ದದ್ದು ಎಣ್ಣೆ, ಬೇಳೆ, ಸೋಪು, ಹೆಣ್ಣುಮಕ್ಕಳಿಗೆ ಪ್ಯಾಡ್, ಸಿಲಿಂಡರ್ ದುಡ್ಡು, ಬಿಪಿ ಶುಗರ್ ಮಾತ್ರೆ. ಆಮೇಲೆ ಮೊಬೈಲ್ ರೀಚಾರ್ಜ್. ನಗಬೇಡಿ. ಮಗಳು ಬೆಂಗಳೂರಲ್ಲಿ, ಅಮ್ಮ ನಿಟುವಳ್ಳಿಯಲ್ಲಿ ಒಬ್ಬರೇ. ರೀಚಾರ್ಜ್ ಮುಗಿದರೆ ಆ ಅಮ್ಮ ಬದುಕಿದ್ದಾರೋ ಇಲ್ಲವೋ ಗೊತ್ತಾಗದೆ ಮಗಳಿಗೆ ಹುಚ್ಚು ಹಿಡಿದಂತಾಗುತ್ತಿತ್ತು. ನಮ್ಮ ಚರ್ಚ್‌ನ ಹುಡುಗರು ತಮ್ಮ ದುಡ್ಡಿನಲ್ಲೇ ಇಂಥ ಫೋನ್‌ಗಳಿಗೆ ರೀಚಾರ್ಜ್ ಹಾಕುತ್ತಿದ್ದರು. ಆ ಹುಡುಗರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಮಾತ್ರೆ ತಲುಪಿಸುವುದು ನನ್ನ ಪಾಲಿಗೆ ಬಂತು. ಚೀಟಿಯ ಫೋಟೋ ವಾಟ್ಸಾಪ್‌ಗೆ ಬರುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಸೈಕಲ್‌ನಲ್ಲಿ ಹೋಗಿ ಗೇಟಿಗೆ ಚೀಲ ಸಿಕ್ಕಿಸಿ ಕೂಗುತ್ತಿದ್ದೆ. ದುಡ್ಡು ಕೊಡಲಾಗದವರದ್ದನ್ನು ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಪೆಟ್ಟಿಗೆಯಿಂದ ಕಟ್ಟುತ್ತಿದ್ದರು. ಬಡವರ ಮನೆಗೇ ಹೋಗಿ ನೋಡಿ ಸಹಾಯ ಮಾಡುವ ಈ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ಕಾಲೇಜು ಹುಡುಗರು ಕಟ್ಟಿದ್ದು. ಯಾರಿಗೆ ಕೊಟ್ಟೆವು ಅಂತ ಹೊರಗೆ ಹೇಳುವ ಪದ್ಧತಿ ಇಲ್ಲ. ಫಾದರ್ ಕೂಡ ಖಡಾಖಂಡಿತವಾಗಿ ಹೇಳಿದ್ದರು, ಕೊಡುವಾಗ ಫೋಟೋ ತೆಗೆಯಬೇಡಿ ಅಂತ. ಆಗ ಎಲ್ಲೆಲ್ಲೂ ಕಿಟ್ ಹಿಡಿದ ಫೋಟೋಗಳೇ. ಒಂದು ಪ್ಯಾಕೆಟ್ ಎಣ್ಣೆಗೆ ಹತ್ತು ಜನರ ಮುಂದೆ ತಲೆ ಎತ್ತಿ ಕ್ಯಾಮೆರಾ ನೋಡಬೇಕು ಅಂದರೆ ಎಂಥ ಸಂಕಟ, ಯೋಚಿಸಿ. ಆ ನಿಯಮ ತುಂಬಾ ಒಳ್ಳೆಯದಾಯಿತು.

ಏಪ್ರಿಲ್ ಕೊನೆಗೆ ದಾವಣಗೆರೆ ಹಸಿರು ವಲಯ, ಅಂದರೆ ಹೊಸ ಕೇಸುಗಳಿಲ್ಲದ ಜಿಲ್ಲೆ ಅಂತ ನಾವೆಲ್ಲ ಖುಷಿಪಟ್ಟೆವು. ಅದು ಹೆಚ್ಚು ದಿನ ಉಳಿಯಲಿಲ್ಲ. ಬಾಷಾನಗರ, ಜಾಲಿನಗರದಲ್ಲಿ ಕೇಸುಗಳು ಬಂದವು, ರಸ್ತೆಗೆ ಬ್ಯಾರಿಕೇಡ್ ಬಿತ್ತು. ಆ ಕಡೆಯವರು ಅಂದರೆ ಜನ ಮುಖ ತಿರುಗಿಸುವಷ್ಟು ಭಯ. ಅದರಲ್ಲೂ ನರ್ಸ್‌ಗಳ ಪಾಡು ಕೇಳಬೇಡಿ. ನಮ್ಮ ಚರ್ಚ್‌ನಲ್ಲಿ ನರ್ಸ್‌ಗಳು ಜಾಸ್ತಿ. ಕೋವಿಡ್ ವಾರ್ಡ್ ಡ್ಯೂಟಿ ಬಿದ್ದರೆ ವಾರಗಟ್ಟಲೆ ಮನೆಗೆ ಬರುವಂತಿಲ್ಲ. ಹಾಗೆ ಹೋದ ಒಬ್ಬ ಅಕ್ಕನ ಇಬ್ಬರು ಮಕ್ಕಳಿಗೆ ಎದುರು ಮನೆಯ ಲಿಂಗಾಯತ ಅಜ್ಜಿ ದಿನಾ ರೊಟ್ಟಿ, ಪಲ್ಯ ಕಳಿಸುತ್ತಿದ್ದರು. ಹೇಳಬೇಕೆಂದರೆ ನಮ್ಮ ಗುಂಪಿನವರಿಗಿಂತ ಮೊದಲು ಬಾಗಿಲು ತಟ್ಟಿದ್ದು ಅವರೇ. ಆಮೇಲೆ ಅಜ್ಜಿಯ ಹೆಸರೂ ಟೀಚರಮ್ಮನ ನೋಟ್‌ಬುಕ್ ಸೇರಿತು. ಅವರಿಗೆ ಮೊಣಕಾಲು ನೋವು, ಮುಲಾಮು ತಂದುಕೊಡುವವರು ಯಾರೂ ಇರಲಿಲ್ಲ.

ಸಂಜೆ ಏಳಕ್ಕೆ ಜಪಸರ. ಸ್ಮಾರ್ಟ್‌ಫೋನ್ ಇಲ್ಲದವರೇ ಹೆಚ್ಚು, ಅದಕ್ಕೆ ಕಾನ್ಫರೆನ್ಸ್ ಕಾಲ್. ಒಬ್ಬರು "ನಮೋ ಮರಿಯ" ಶುರು ಮಾಡಿದರೆ ಇನ್ನೊಬ್ಬರ ದನಿ ಎರಡು ಕ್ಷಣ ತಡವಾಗಿ ಬರುತ್ತಿತ್ತು. ಮಧ್ಯೆ ಕುಕ್ಕರ್ ಕೂಗುತ್ತಿತ್ತು. ಜಪಸರ ಮುಗಿದ ಮೇಲೂ ಯಾರೂ ಫೋನ್ ಇಡುತ್ತಿರಲಿಲ್ಲ. ಅವತ್ತು ಒಬ್ಬರ ದನಿ ಕೇಳದಿದ್ದರೆ ಟೀಚರಮ್ಮ ತಕ್ಷಣ ನನಗೆ ಹೇಳುತ್ತಿದ್ದರು, "ಹೋಗಿ ನೋಡ್ಕೊಂಡ್ ಬಾರಪ್ಪಾ." ಹೀಗೆ ಒಂದು ಸಂಜೆ ಹೋದಾಗ ಒಬ್ಬ ಅಮ್ಮ ಶುಗರ್ ಇಳಿದು ನೆಲದ ಮೇಲೆ ಬಿದ್ದಿದ್ದರು. ಪ್ರಜ್ಞೆ ಇತ್ತು. ಸಕ್ಕರೆ ನೀರು ಕುಡಿಸಿ ಆಂಬ್ಯುಲೆನ್ಸ್ ಕರೆಸಿದೆವು, ಉಳಿದರು. ಆ ಸಂಜೆಯ ಜಪಸರದಲ್ಲಿ ಅವರ ದನಿ ಇಲ್ಲದ್ದನ್ನು ಯಾರೂ ಗಮನಿಸದೇ ಇದ್ದಿದ್ದರೆ? ಪ್ರಾರ್ಥನೆಯಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದು.

2020ರ ಜೂನ್ 8ರಿಂದ ದೇವಸ್ಥಾನ, ಚರ್ಚ್, ಮಸೀದಿ ತೆರೆಯಲು ಅನುಮತಿ ಸಿಕ್ಕಿತು. ಆದರೆ 65 ದಾಟಿದವರು ಮನೆಯಲ್ಲೇ ಇರಿ ಎಂಬ ಸಲಹೆ ಇತ್ತು. ಯಾರಿಗೆ ಚರ್ಚ್ ಅತಿ ಹೆಚ್ಚು ಬೇಕಿತ್ತೋ ಅವರೇ ಹೊರಗೆ ಉಳಿದರು. ಹಾಗಾಗಿ ಫೋನ್ ನಿಲ್ಲಿಸಲಿಲ್ಲ.

ಎರಡನೇ ಅಲೆ ಬೇರೆಯೇ. 2021ರ ಏಪ್ರಿಲ್, ಮೇ. ಮೆಡಿಕಲ್ ಶಾಪ್‌ನಲ್ಲಿ ನಿಂತು ನೋಡಿದ್ದನ್ನು ಪೂರ್ತಿ ಬರೆಯಲು ಮನಸ್ಸಿಲ್ಲ. ಪಲ್ಸ್ ಆಕ್ಸಿಮೀಟರ್ ಸಿಗುತ್ತಿರಲಿಲ್ಲ. ಚರ್ಚ್‌ನಿಂದ ಕೆಲವನ್ನು ಕೊಂಡು, ಸ್ಪಿರಿಟ್‌ನಿಂದ ಒರೆಸಿ ಮನೆಯಿಂದ ಮನೆಗೆ ಕಳಿಸುತ್ತಿದ್ದೆವು. ರಕ್ತದ ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ ಅಂತ ಒಂದು ಚೀಟಿ ಜೊತೆಗೆ. ಚಿಗಟೇರಿ ಜಿಲ್ಲಾಸ್ಪತ್ರೆಯ ಹೊರಗೆ ಹಳ್ಳಿಗಳಿಂದ ಬಂದ ರೋಗಿಗಳ ಕಡೆಯವರು ಮರದ ಕೆಳಗೆ ಕೂತಿರುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ಮನೆಮನೆಯಲ್ಲಿ ಚಿತ್ರಾನ್ನ, ಮೊಸರನ್ನ ಕಟ್ಟಿ ಕೊಡುತ್ತಿದ್ದರು, ಹುಡುಗರು ಒಯ್ದು ಹಂಚುತ್ತಿದ್ದರು.

ಮತ್ತೆ ಮಣ್ಣು. ಇದನ್ನು ಹೇಳದೆ ಉತ್ತರ ಮುಗಿಯುವುದಿಲ್ಲ. ಕೋವಿಡ್‌ನಿಂದ ಸತ್ತವರನ್ನು ಮುಟ್ಟುವಂತಿಲ್ಲ, ಪ್ರಾರ್ಥನೆಯೂ ಇಲ್ಲ ಅಂತಲೇ ಬಹಳ ಜನ ನಂಬಿದ್ದರು. ಆದರೆ ಕೇಂದ್ರ ಆರೋಗ್ಯ ಇಲಾಖೆಯ 2020ರ ಮಾರ್ಚ್ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿತ್ತು. ಸ್ನಾನ ಮಾಡಿಸುವುದು, ಮುತ್ತಿಡುವುದು ಬೇಡ. ಚೀಲದ ಜಿಪ್ ಸ್ವಲ್ಪ ಸರಿಸಿ ಮುಖ ತೋರಿಸಬಹುದು. ಮುಟ್ಟದೆ ಗ್ರಂಥ ಓದಬಹುದು, ತೀರ್ಥ ಚಿಮುಕಿಸಬಹುದು. ನಮ್ಮ ಯುವಕರು ಆ ಹಾಳೆಯ ಪ್ರಿಂಟ್ ತೆಗೆದು ಜೇಬಲ್ಲಿ ಇಟ್ಟುಕೊಂಡಿದ್ದರು. ಯಾರಾದರೂ ತಡೆದರೆ ತೋರಿಸುತ್ತಿದ್ದರು. ಮೈ ಪೂರ್ತಿ ಮುಚ್ಚುವ ಪಿಪಿಇ ಉಡುಪು ತೊಟ್ಟು ನಾಲ್ಕು ಜನ ಹಗ್ಗ ಹಿಡಿದು ಪೆಟ್ಟಿಗೆ ಇಳಿಸುತ್ತಿದ್ದರು. ಆ ಮೇ ಬಿಸಿಲಿನಲ್ಲಿ ಒಳಗೆ ಬೆವರು ಹರಿಯುತ್ತಿತ್ತು. ಬರಲಾಗದ ಮಕ್ಕಳಿಗೆ ವಿಡಿಯೋ ಕಾಲ್. "ಅಣ್ಣಾ, ನನ್ನ ಹೆಸರಲ್ಲಿ ಒಂದು ಹಿಡಿ ಮಣ್ಣು ಹಾಕಿ" ಅಂತ ಒಬ್ಬಳು ತಂಗಿ ಫೋನ್‌ನಲ್ಲಿ ಅತ್ತಳು. ಆ ಹುಡುಗ ಹಾಕಿದ. ಅವಳು ಯಾರು ಅಂತ ಅವನಿಗೆ ಅದಕ್ಕೆ ಮುಂಚೆ ಗೊತ್ತೇ ಇರಲಿಲ್ಲ.

ಇನ್ನು ನಂಬಿಕೆ. ಎಲ್ಲರದ್ದೂ ಉಳಿಯಿತು ಅಂದರೆ ಸುಳ್ಳಾಗುತ್ತದೆ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಗೆಳೆಯ ಆಮೇಲೆ ಚರ್ಚ್‌ಗೆ ಬಂದಿಲ್ಲ. ಅವನನ್ನು ತಪ್ಪು ಅನ್ನಲು ನನಗೆ ಮನಸ್ಸಾಗುವುದಿಲ್ಲ. ದೋಣಿಯಲ್ಲಿದ್ದ ಶಿಷ್ಯರೂ ಕೂಗಾಡಿದವರೇ, ಅವರನ್ನು ಯಾರೂ ದೋಣಿಯಿಂದ ಇಳಿಸಲಿಲ್ಲ. ಟೀಚರಮ್ಮ ಈಗಲೂ ಅವನಿಗೆ ಫೋನ್ ಮಾಡುತ್ತಾರೆ. ಚರ್ಚ್ ಮಾತು ಎತ್ತುವುದಿಲ್ಲ. ಏನು ಅಡುಗೆ ಮಾಡಿದೆ ಅಂತ ಕೇಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಎರಡು ವರ್ಷಕ್ಕಿಂತ ಮುಂಚೆ ಭಾನುವಾರ ಪೂಜೆಗೆ ಹೋಗಿ ಬಂದರೆ ನನ್ನ ಭಕ್ತಿ ಮುಗಿಯುತ್ತಿತ್ತು. ಈಗ ಹಾಗಿಲ್ಲ. ಪ್ರಾರ್ಥನೆಯಲ್ಲಿ ಜನರ ಮುಖ, ಮನೆ, ಮಾತ್ರೆಯ ಹೆಸರು ಸಮೇತ ಬರುತ್ತದೆ.

ಫೋನ್ ಕೆಲಸ ಇನ್ನೂ ನಡೆಯುತ್ತಿದೆ, ಈಗ ಶನಿವಾರಕ್ಕೊಮ್ಮೆ. ನೀವು ಇರುವ ಬೀದಿಯಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ, ಯಾವ ಜಾತಿ ಧರ್ಮದವರಾದರೂ ಸರಿ, ಅವರನ್ನು ಒಂದು ಮಾತು ಕೇಳಿ. ಅವರು ಒಪ್ಪಿದರೆ ನನಗೆ ಮೆಸೇಜ್ ಮಾಡಿ. ನೋಟ್‌ಬುಕ್‌ನಲ್ಲಿ ಸೇರಿಸುತ್ತೇವೆ.