ಅಪ್ಪನ ನಕ್ಷೆ ಪುಸ್ತಕ ಕಾರಿನಲ್ಲೇ ಇರಲಿ

ಪ್ರಶ್ನೆ: ಹೊಸ ಕಾರು ತೆಗೆದುಕೊಂಡಿದ್ದೇನೆ. ಅಪ್ಪ ತಮ್ಮ ಹಳೇ ರಸ್ತೆ ನಕ್ಷೆ ಪುಸ್ತಕ ತಂದು ಅದರಲ್ಲಿ ಇಟ್ಟಿದ್ದಾರೆ. ಫೋನಿನಲ್ಲೇ ದಾರಿ ಸಿಗುವಾಗ ಇದು ಯಾಕೆ ಸರ್? ಇನ್ನು ಹತ್ತು ವರ್ಷಕ್ಕೆ ಕಾಗದದ ನಕ್ಷೆ ಅಂತ ಒಂದು ಇರುತ್ತದಾ?
ಓದುಗರು, ಮಂಡ್ಯ

ಉತ್ತರ: ತಂಗಿ, ಆ ಪುಸ್ತಕ ತೆಗೆಯಬೇಡಿ. ಅಪ್ಪನಿಗೆ ಬೇಜಾರಾಗುತ್ತದೆ ಅಂತಲ್ಲ, ನಿಮಗೇ ಬೇಕಾಗುತ್ತದೆ ಅಂತ.

ನಾನು ಮೈಸೂರಿನಲ್ಲಿ ಇಪ್ಪತ್ತಾರು ವರ್ಷ ಟೂರಿಸ್ಟ್ ಟ್ಯಾಕ್ಸಿ ಓಡಿಸಿದವನು. ಫೋನು ಬಂದ ಮೇಲೆ ಬದುಕು ಸಲೀಸಾಯಿತು. ಎಲ್ಲಿ ತಿರುಗಬೇಕು, ಮುಂದೆ ಟ್ರಾಫಿಕ್ ಎಷ್ಟಿದೆ, ಎಷ್ಟು ಹೊತ್ತಿಗೆ ತಲುಪುತ್ತೇವೆ, ಇದನ್ನೆಲ್ಲ ಕಾಗದ ಹೇಳಲಾರದು. ಆ ಕೆಲಸದಲ್ಲಿ ಫೋನು ಗೆದ್ದಾಗಿದೆ.

ಆದರೆ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಮದುವೆಗೆ ಹೊರಟ ಒಂದು ಕುಟುಂಬವನ್ನು ಪಾಂಡವಪುರದ ಕಡೆಯಿಂದ ಮಂಡ್ಯಕ್ಕೆ ಕರೆದುಕೊಂಡು ಬರುತ್ತಿದ್ದೆ. ಹತ್ತು ನಿಮಿಷ ಉಳಿಯುತ್ತದೆ ಅಂತ ಫೋನು ಬೇರೆ ದಾರಿ ತೋರಿಸಿತು. ತಿರುಗಿಸಿದೆ. ಸ್ವಲ್ಪ ದೂರ ಹೋದ ಮೇಲೆ ಗೊತ್ತಾಯಿತು, ನಾವಿದ್ದದ್ದು ನಾಲೆ ಏರಿ ಮೇಲೆ. ಎಡಕ್ಕೆ ಕಬ್ಬಿನ ಗದ್ದೆ, ಬಲಕ್ಕೆ ತುಂಬಿ ಹರಿಯುವ ನೀರು, ನಡುವೆ ತಡೆಗೋಡೆ ಇಲ್ಲ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್. ಮನೆಯ ಯಜಮಾನರು ಇಳಿದು ಹಿಂದೆ ನಿಂತು ಟಾರ್ಚ್ ಹಿಡಿದರು. ಅವರ ಬೆಳಕು ನೋಡಿಕೊಂಡು ಇನ್ನೂರು ಮೀಟರ್ ರಿವರ್ಸ್ ಬಂದೆ. ಕೈ ಬೆವತು ಸ್ಟೀರಿಂಗ್ ಜಾರುತ್ತಿತ್ತು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಮಂಡ್ಯದವರು ನೀವು, ನಾಲೆ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ.

ಟಾರು ರಸ್ತೆಗೆ ಬಂದು ಬಾನೆಟ್ ಮೇಲೆ ನನ್ನ ನಕ್ಷೆ ಪುಸ್ತಕ ಬಿಚ್ಚಿದೆ. ಮಡಿಕೆ ಹರಿದು, ಒಳಗಡೆಯಿಂದ ಬಟ್ಟೆ ಅಂಟಿಸಿದ್ದ ಹಾಳೆ ಅದು. ನೀಲಿ ಗೆರೆ ನಾಲೆ. ಅದರ ಮಗ್ಗುಲಲ್ಲೇ ಕೂದಲೆಳೆಯಂಥ ರಸ್ತೆ. ಸ್ವಲ್ಪ ಆಚೆ ದಪ್ಪ ಕೆಂಪು ಗೆರೆ. ಎಲ್ಲ ಒಂದೇ ನೋಟಕ್ಕೆ ಕಾಣಿಸಿತು. ಫೋನಿನಲ್ಲೂ ನಾಲೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಓಡಿಸುವಾಗ ಅದು ತೋರಿಸುವುದು ಮುಂದಿನ ತಿರುವು ಮಾತ್ರ. ಅಕ್ಕಪಕ್ಕ ಏನಿದೆ ಅಂತ ಹೊರಡುವ ಮೊದಲು ನಾವೇ ನೋಡಿಕೊಂಡಿರಬೇಕು. ಆ ನೋಡುವ ಕೆಲಸಕ್ಕೆ ಅಗಲವಾದ ಹಾಳೆಯೇ ಒಳ್ಳೆಯದು ಅನ್ನುವುದು ನನ್ನ ಅನುಭವ. ಹತ್ತು ವರ್ಷ ಬಿಟ್ಟು ದಾರಿ ಹುಡುಕಲು ಯಾರೂ ಕಾಗದ ಬಿಚ್ಚಲಾರರು. ದಾರಿ ಆರಿಸಲು ಬಿಚ್ಚಬೇಕು ಅಂತ ನನ್ನ ಆಸೆ.

ಇನ್ನೊಂದು. "ನೆಟ್ ಹೋಯ್ತು, ಜಿಪಿಎಸ್ ಹೋಯ್ತು" ಅಂತ ತುಂಬಾ ಜನ ಹೇಳುತ್ತಾರೆ. ಹಾಗಲ್ಲ. ಜಿಪಿಎಸ್ ಅಂದರೆ ನಾವು ಎಲ್ಲಿದ್ದೇವೆ ಅಂತ ತಿಳಿಯಲು ಇರುವ ಉಪಗ್ರಹಗಳ ವ್ಯವಸ್ಥೆ. ಆ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಂಕೇತ ಕಳಿಸುತ್ತಲೇ ಇರುತ್ತವೆ. ಫೋನು ಸುಮ್ನೆ ಕೇಳಿಸಿಕೊಳ್ಳುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಸಾಕು, ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಸಿಮ್ಮೂ ಬೇಡ, ನೆಟ್ಟೂ ಬೇಡ. ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಲು. ಬಂಡೀಪುರದ ಕಾಡಿನೊಳಗೆ ಸಿಗ್ನಲ್ ಹೋದಾಗ ನೀಲಿ ಚುಕ್ಕಿ ಇರುತ್ತದೆ, ಸುತ್ತಲಿನ ರಸ್ತೆಗಳು ಮಾಯವಾಗಿರುತ್ತವೆ. ಅದಕ್ಕೇ ಊಟಿಗೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಆ ಭಾಗದ ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆ ಕಾಡಿನ ರಸ್ತೆಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಹಾಕುತ್ತಾರೆ, ಅದೂ ನೆನಪಿರಲಿ.

ದಿಕ್ಕು ಮರೆಯಬೇಡಿ. ನಿಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲೇ 1799ರ ಯುದ್ಧದ ಹೊತ್ತಿಗೆ ಒಂದು ರಾತ್ರಿ ಬ್ರಿಟಿಷ್ ತುಕಡಿ ದಿಕ್ಕು ತಪ್ಪಿ ಟಿಪ್ಪುವಿನ ಸೇನೆಯತ್ತಲೇ ನಡೆದಿತ್ತು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರ ನೋಡಿ, ನಾವು ಹೋಗುತ್ತಿರುವುದು ಉತ್ತರಕ್ಕೆ, ದಕ್ಷಿಣಕ್ಕಲ್ಲ ಅಂದ. 1802ರಲ್ಲಿ ಮದ್ರಾಸಿನಿಂದ ಇಡೀ ದೇಶ ಅಳೆಯುವ ಮಹಾ ಸರ್ವೆ ಶುರು ಮಾಡಿದವನೂ ಅವನೇ. ನೀವು ನಕ್ಷತ್ರ ನೋಡಬೇಕಾಗಿಲ್ಲ. ಫೋನಿನ ನಕ್ಷೆಯಲ್ಲಿ ಉತ್ತರ ಯಾವಾಗಲೂ ಮೇಲೆ ಇರುವಂತೆ ಸೆಟ್ ಮಾಡಿ. ಒಂದು ವಾರದಲ್ಲಿ ರೂಢಿಯಾಗುತ್ತದೆ.

ಅಪ್ಪನ ಪುಸ್ತಕದಲ್ಲಿ 2023ರ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಇರುವುದಿಲ್ಲ. ಒಂದು ಭಾನುವಾರ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಯಾವ ಯಾವ ಊರಿಗೆ ಬೈಪಾಸ್ ಆಗಿದೆ ಅಂತ ಅವರಿಗೂ ಹೇಳಿ.

ಪ್ರಶ್ನೆ: ಮೈಸೂರಿನಿಂದ ಮಂಡ್ಯಕ್ಕೆ ಸ್ಕೂಟರಿನಲ್ಲಿ ಹೊರಟರೆ ಫೋನು ಎಕ್ಸ್‌ಪ್ರೆಸ್‌ವೇ ಹತ್ತು ಅನ್ನುತ್ತದೆ. ಏನು ಮಾಡಲಿ?
ಓದುಗರು, ಮೈಸೂರು

ಉತ್ತರ: ನೀವು ಕಾರಿನ ಗುರುತು ಒತ್ತಿರುತ್ತೀರಿ, ಬೈಕಿನ ಗುರುತಿಗೆ ಬದಲಾಯಿಸಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಫೋನಿನ ಲೆಕ್ಕ ಬಯಲಿನಲ್ಲೂ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ನೀವು ಸರ್ವಿಸ್ ರಸ್ತೆಯಲ್ಲೇ ಇದ್ದರೂ ಮುಖ್ಯ ರಸ್ತೆಯಲ್ಲಿದ್ದೀರಿ ಅಂದುಕೊಂಡು ಏನೇನೋ ಹೇಳಬಹುದು. ಗಾಬರಿ ಬೇಡ, ಬೋರ್ಡು ನೋಡಿ. ಶ್ರೀರಂಗಪಟ್ಟಣದ ಊರೊಳಗಿನ ಹಳೇ ರಸ್ತೆಯಲ್ಲೇ ಹೋಗಿ. ಬೈಪಾಸ್ ಮಂಡ್ಯ ಊರನ್ನು ಹೊರಗಿನಿಂದ ದಾಟಿಸುತ್ತದೆ. ನೀವು ಇಳಿಯಬೇಕಾದ್ದು ಪೇಟೆಯಲ್ಲಿ, ಅಲ್ವಾ?