ದಡ ಮುಟ್ಟಿದರಷ್ಟೇ ದುಡ್ಡು ಅನ್ನಬೇಡಿ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಕಾಲೇಜಿನ ದಿನಗಳಿಂದ ಜೊತೆಗಿರುವ ಆರು ಮಂದಿ ಗೆಳೆಯರು. ನಿಮ್ಮಲ್ಲೊಬ್ಬರ ಮಗುವನ್ನು ಉಳಿಸಿದ ಆಸ್ಪತ್ರೆಗೆ ನೆರವಾಗಲೆಂದು ಸಮುದ್ರದಲ್ಲಿ ರಿಲೇ ಈಜಲು ಹೊರಟಿದ್ದೀರಿ. ಆಚೆ ದಡ ಮುಟ್ಟಿದರೆ ಪೂರ್ತಿ ದೇಣಿಗೆ, ಇಲ್ಲವಾದರೆ ಈಜಿದ ಕಿಲೋಮೀಟರಿಗೆ ಇಷ್ಟು ಅಂತ ದಾನಿಗಳಿಂದ ಬರೆಸಿಕೊಂಡಿದ್ದೀರಿ. ಆರರಲ್ಲಿ ಒಬ್ಬರಿಗೆ ತಣ್ಣೀರೆಂದರೆ ಅಂಜಿಕೆ. ಅವರಿಗೆ ಉಳಿದವರೆಲ್ಲ ‘ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು’ ಅನ್ನುತ್ತಿದ್ದೀರಂತೆ. ಕೊನೆಗೆ ಎರಡು ಪ್ರಶ್ನೆ ಕೇಳಿದ್ದೀರಿ: ನಮ್ಮ ತಯಾರಿ ಸರಿಯಿದೆಯೇ? ಇಷ್ಟೆಲ್ಲ ಪಾಡುಪಡುವ ಬದಲು ಸುಮ್ಮನೆ ದುಡ್ಡು ಕೊಟ್ಟುಬಿಡಿ ಅನ್ನುವವರಿಗೆ ಏನು ಹೇಳುವುದು?

ಎರಡನೆಯದನ್ನು ಬೇಗ ಮುಗಿಸುತ್ತೇನೆ. 2006ರಲ್ಲಿ ಬ್ರಿಟನ್ನಿನ ಹಾಸ್ಯನಟ ಡೇವಿಡ್ ವಾಲಿಯಮ್ಸ್ ಇಂಗ್ಲೆಂಡ್, ಫ್ರಾನ್ಸ್ ನಡುವಿನ ಕಡಲಾದ ಇಂಗ್ಲಿಷ್ ಚಾನೆಲ್ಲನ್ನು ಈಜಿದಾಗ ಹತ್ತು ಲಕ್ಷ ಪೌಂಡಿಗೂ ಹೆಚ್ಚು ದೇಣಿಗೆ ಬಂತು. ಅವರು ಮನೆಯಲ್ಲೇ ಕೂತು ಕೇಳಿದ್ದರೆ ಅಷ್ಟು ಬರುತ್ತಿತ್ತೇ? ಆದರೆ ದೋಣಿಯ ಬಾಡಿಗೆ, ನಿಮ್ಮ ಓಡಾಟ, ಊಟ ಎಲ್ಲ ನಿಮ್ಮ ಜೇಬಿನಿಂದಲೇ ಹೋಗಲಿ, ದೇಣಿಗೆ ನಿಮ್ಮ ಕೈಗೆ ಬಾರದೆ ನೇರ ಆಸ್ಪತ್ರೆಯ ಖಾತೆಗೆ ಸೇರಲಿ. ಹಾಗೆ ಮಾಡಿದರೆ ಆ ಪ್ರಶ್ನೆ ಕೇಳುವವರು ತಾವಾಗಿಯೇ ಸುಮ್ಮನಾಗುತ್ತಾರೆ.

ಮೊದಲನೆಯದೇ ನನ್ನನ್ನು ಕಾಡಿದ್ದು. ನಿಮ್ಮ ಈಜಿನ ಬಗ್ಗೆ ನನಗೆ ತಕರಾರಿಲ್ಲ, ನಿಮ್ಮ ಕರಾರಿನ ಬಗ್ಗೆ ಇದೆ. ಆ ಗಾದೆಯ ಬಗ್ಗೆಯೂ ಇದೆ.

ನೀರಿಗಿಳಿದವನಿಗೇ ಚಳಿ. ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ತಣ್ಣೀರಿಗೆ ಬಿದ್ದ ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಮಾತು ಕೇಳುವುದಿಲ್ಲ. ಬಾಯಿ ತಾನಾಗಿ ತೆರೆದು ಗಾಳಿ ಎಳೆಯುತ್ತದೆ, ಆಗ ಮುಖ ನೀರಿನೊಳಗಿದ್ದರೆ ನೀರನ್ನೇ ಎಳೆಯುತ್ತದೆ. ಎಂಥ ಒಳ್ಳೆಯ ಈಜುಗಾರನಿಗೂ ಇದು ತಪ್ಪಿದ್ದಲ್ಲ. ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತಣ್ಣೀರಿಗೆ ಇಳಿದು ಮೈಯನ್ನು ಒಗ್ಗಿಸಿಕೊಂಡರೆ ಇದರ ಬಿರುಸು ತಗ್ಗುತ್ತದೆ, ಅಷ್ಟೇ. ಹಾಗಾಗಿ ನಿಮ್ಮ ಅಂಜುವ ಗೆಳೆಯರು ಹೇಡಿಯಲ್ಲ. ಆರರಲ್ಲಿ ನೀರನ್ನು ಸರಿಯಾಗಿ ಓದಿಕೊಂಡವರು ಅವರೊಬ್ಬರೇ ಇರಬಹುದು.

ಈಜುಕೊಳದಲ್ಲಿ ದಿನಕ್ಕೆ ಎರಡು ಕಿಲೋಮೀಟರ್ ಹೊಡೆಯುತ್ತೇವೆ ಎಂದು ಬರೆದಿದ್ದೀರಿ. ಇಪ್ಪತ್ತೈದು ಮೀಟರಿನ ಕೊಳವಾದರೆ ಅದರಲ್ಲಿ ಎಪ್ಪತ್ತೊಂಬತ್ತು ಸಲ ಗೋಡೆ ಒದ್ದು ಮುಂದೆ ಜಾರಿರುತ್ತೀರಿ. ಕಡಲಲ್ಲಿ ಒದೆಯಲು ಗೋಡೆಯಿಲ್ಲ, ನೋಡಿಕೊಂಡು ಹೋಗಲು ತಳದಲ್ಲಿ ಕಪ್ಪು ಗೆರೆಯಿಲ್ಲ. ಆಗಾಗ ತಲೆಯೆತ್ತಿ ದಿಕ್ಕು ನೋಡಬೇಕು. ಅಲೆ ಒಂದು ಕಡೆಯಿಂದ ಬಡಿಯುವಾಗ ಇನ್ನೊಂದು ಕಡೆ ಉಸಿರು ತೆಗೆಯಲು ಬರಬೇಕು. ಉಬ್ಬರ ಇಳಿತದ ಸೆಳೆತ ಎದುರಾದರೆ ಒಂದು ಗಂಟೆ ಕೈ ಬೀಸಿಯೂ ಇದ್ದಲ್ಲೇ ಇರುತ್ತೀರಿ. ಕಿಲೋಮೀಟರಿಗೆ ಇಷ್ಟು ಎಂಬ ಲೆಕ್ಕ ಇಲ್ಲೇ ಒಮ್ಮೆ ನಗೆಪಾಟಲಾಗುತ್ತದೆ.

ಇನ್ನು ರಿಲೇ. ಇಂಗ್ಲಿಷ್ ಚಾನೆಲ್ಲಿನ ರೂಢಿಯನ್ನೇ ನೋಡಿ: ಸಾಮಾನ್ಯವಾಗಿ ಆರು ಜನ, ಒಬ್ಬೊಬ್ಬರಿಗೆ ಒಂದು ಗಂಟೆ, ಮೊದಲು ಹಾಕಿಕೊಂಡ ಸರದಿಯೇ ಕೊನೆವರೆಗೂ. ಒಬ್ಬರಿಂದ ಆಗದಿದ್ದರೆ ಇನ್ನೊಬ್ಬರು ಬದಲಿ ಇಳಿಯುವಂತಿಲ್ಲ, ಇಡೀ ತಂಡದ ಈಜು ಅಲ್ಲಿಗೆ ಮುಗಿಯಿತು. ನಿಮ್ಮದು ಬೇರೆ ನೀರು, ನಿಯಮವೂ ಸಡಿಲವಿರಬಹುದು. ಆದರೂ ಕಷ್ಟ ಬರುವುದು ಮೊದಲ ಸರದಿಯಲ್ಲಲ್ಲ, ಎರಡನೆಯದರಲ್ಲಿ. ಮೊದಲ ಸಲ ಹುರುಪೇ ಎಳೆದುಕೊಂಡು ಹೋಗುತ್ತದೆ. ಆಮೇಲೆ ಐದು ಗಂಟೆ ತೂಗಾಡುವ ದೋಣಿಯಲ್ಲಿ ಕೂತು, ವಾಂತಿ ಮಾಡಿಕೊಂಡು, ತಿಂದದ್ದು ನಿಲ್ಲದೆ, ನಡುಕ ಪೂರ್ತಿ ಹೋಗದೆ, ಒದ್ದೆ ಈಜುಡುಗೆಯನ್ನೇ ಮತ್ತೆ ಏರಿಸಬೇಕು. ಅದಕ್ಕೇ ಒಂದೊಂದು ಸಲ ಈಜುವುದನ್ನಷ್ಟೇ ಅಭ್ಯಾಸ ಮಾಡಬೇಡಿ. ಈಜಿ, ಗಂಟೆಗಟ್ಟಲೆ ಕಾದು, ಮತ್ತೆ ಇಳಿಯುವುದನ್ನು ರೂಢಿಸಿಕೊಳ್ಳಿ.

ನೀರಿನಿಂದ ಹೊರಬಂದರೂ ಅಪಾಯ ಕಳೆಯಲಿಲ್ಲ. ದೋಣಿ ಹತ್ತಿದ ಮೇಲೂ ಸ್ವಲ್ಪ ಹೊತ್ತು ಮೈಯೊಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಒದ್ದೆ ಬಟ್ಟೆ ತೆಗೆದು, ಒರೆಸಿ, ಟೊಪ್ಪಿಯೂ ಸೇರಿದಂತೆ ಒಂದರ ಮೇಲೊಂದು ಒಣ ಬಟ್ಟೆ ಹಾಕಿಸಿ, ಬೆಚ್ಚಗೆ ಏನಾದರೂ ಕುಡಿಸಿ. ತಕ್ಷಣ ಸುಡುನೀರು ಸ್ನಾನ ಬೇಡ, ಕೈಕಾಲು ತಿಕ್ಕುವುದೂ ಬೇಡ. ಮಾತು ತೊದಲಿದರೆ, ಬೆರಳು ಕೂಡದಿದ್ದರೆ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಬಂದರೆ ಆ ಈಜುಗಾರನನ್ನು ಮತ್ತೆ ಇಳಿಸಕೂಡದು. ಉಸಿರಾಡಲು ಕಷ್ಟವಾಗಿ, ಕೆಮ್ಮಿದಾಗ ನೊರೆ ಬಂದರೆ ಅಲ್ಲಿಗೇ ಈಜು ನಿಲ್ಲಿಸಿ ಆಸ್ಪತ್ರೆಗೆ ಒಯ್ಯಬೇಕು.

ಈಗ ನಿಮ್ಮ ಕರಾರನ್ನು ಇದರ ಪಕ್ಕಕ್ಕಿಟ್ಟು ನೋಡಿ. ದಡ ಎರಡು ಕಿಲೋಮೀಟರ್ ದೂರದಲ್ಲಿದೆ, ನೀರಲ್ಲಿರುವವರ ತುಟಿ ನೀಲಿಗಟ್ಟಿದೆ, ದೋಣಿಯಲ್ಲಿರುವ ಐವರಿಗೂ ಗೊತ್ತು, ಹೊರಗೆ ಎಳೆದರೆ ಮಕ್ಕಳ ಪಾಲಿನ ಅರ್ಧ ಹಣ ಹೋಯಿತು. ‘ಸಾಕು, ಹತ್ತು’ ಎಂದು ಯಾರು ಹೇಳುತ್ತಾರೆ? ಚಳಿ ಹಿಡಿದವರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ, ತಿಳಿದವರ ಬಾಯಿಯನ್ನು ದುಡ್ಡು ಕಟ್ಟಿರುತ್ತದೆ. ಒಳ್ಳೆಯ ಕೆಲಸದ ಹೆಸರಲ್ಲಿ ನೀವೇ ತೋಡಿಕೊಂಡ ಹಳ್ಳ ಇದು.

ಅರ್ಧಕ್ಕೇ ಬಿಟ್ಟು ಹಿಂದಕ್ಕೆ ಬಂದವರ ಸಾಲು ಸಣ್ಣದಲ್ಲ. ಚಾನೆಲ್ಲನ್ನು ತೇಲುವ ಸಾಧನಗಳ ನೆರವಿಲ್ಲದೆ ಮೊದಲು ಈಜಿದ ಮ್ಯಾಥ್ಯೂ ವೆಬ್ 1875ರ ಆಗಸ್ಟ್ 12ರಂದು ಗಾಳಿ, ಅಲೆಗೆ ಸೋತು ಹಿಂದೆ ಬಂದಿದ್ದರು. ಎರಡು ವಾರದೊಳಗೆ ಮತ್ತೆ ಇಳಿದು 21 ಗಂಟೆ 45 ನಿಮಿಷದಲ್ಲಿ ಮುಗಿಸಿದರು. ಅಮೆರಿಕದ ಈಜುಗಾರ್ತಿ ಗರ್ಟ್ರೂಡ್ ಎಡರ್ಲಿಗೆ 1925ರಲ್ಲಿ ಆಗಲಿಲ್ಲ, 1926ರಲ್ಲಿ ಆಯಿತು. ಭಾರತದ ಆರತಿ ಸಹಾ 1959ರ ಆಗಸ್ಟಿನಲ್ಲಿ ಗಂಟೆಗಟ್ಟಲೆ ಈಜಿ ಕೈಬಿಟ್ಟು, ಸೆಪ್ಟೆಂಬರಿನಲ್ಲಿ ದಾಟಿ, ಚಾನೆಲ್ ಈಜಿದ ಏಷ್ಯಾದ ಮೊದಲ ಮಹಿಳೆಯಾದರು. ಅದೇ ವೆಬ್, 1883ರಲ್ಲಿ ನಯಾಗರದ ಸುಳಿಯಲ್ಲಿ ಈಜಲು ಹೋಗಿ ಸತ್ತರು. ಆ ನೀರಿನಲ್ಲಿ ಹಿಂದಕ್ಕೆ ಬರಲು ದಾರಿಯೇ ಇರಲಿಲ್ಲ.

ಹಾಗಾಗಿ ದಾನಿಗಳಿಗೆ ಹೊಸ ಚೀಟಿ ಬರೆಯಿರಿ. ತಂಡ ದಡ ಮುಟ್ಟಲಿ ಬಿಡಲಿ, ಹವಾಮಾನ ಕೆಟ್ಟು ನೀರಿಗೇ ಇಳಿಯದಿರಲಿ, ಇಷ್ಟು ಹಣ ಕೊಡುತ್ತೇನೆ ಅಂತ. ಕೆಲವರು ಹಿಂದೆ ಸರಿಯಬಹುದು, ಸರಿಯಲಿ. ಈಜಬೇಕೋ ನಿಲ್ಲಬೇಕೋ ಎಂಬ ಕೊನೆಯ ಮಾತು ನಿಮ್ಮ ಆರು ಜನರದ್ದಾಗದಿರಲಿ. ತಂಡಕ್ಕೆ ಸೇರದ, ಆ ನೀರು ಬಲ್ಲ ಒಬ್ಬರ ಕೈಗೆ ಅದನ್ನು ಮೊದಲೇ ಕೊಟ್ಟುಬಿಡಿ. ಬಣ್ಣದ ಟೊಪ್ಪಿ, ಸೊಂಟಕ್ಕೆ ಕಟ್ಟುವ ತೇಲುಬುರುಡೆ ಎಲ್ಲ ಆಮೇಲಿನ ಮಾತು.

ನಾನು ಈಜುಗಾರನಲ್ಲ, ದಡದಲ್ಲಿ ಟವೆಲ್ ಹಿಡಿದು ನಿಲ್ಲುವ ಜಾತಿ. ಹೊಸ ಚೀಟಿ ಅಚ್ಚಾದ ಮೇಲೆ ಒಂದನ್ನು ಕಚೇರಿಗೆ ಕಳಿಸಿ. ಕಿಲೋಮೀಟರಿನ ಲೆಕ್ಕ ಕೇಳದೆ ಸಹಿ ಹಾಕುತ್ತೇನೆ.

— ಸಂಪಾದಕ